ನಾರುಹುಣ್ಣು ಹೋದ ದಾರಿ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ‘ನೀರು, ನೈರ್ಮಲ್ಯ ಮತ್ತು ಆರೋಗ್ಯ’ ಎಂಬ ವಿಷಯವಾಗಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



1975ರಲ್ಲಿ ಈ ಶಾಲೆ ಶುರುವಾದಾಗ ಎಂಟನೆಯ ತರಗತಿಗೆ ಸೇರಿದ ಮೊದಲ ತಂಡದಲ್ಲಿ ನಾನೂ ಒಬ್ಬ. ಆಗ ಈ ಕಟ್ಟಡ ಇರಲಿಲ್ಲ. ಗುಡಿಯ ಪಡಸಾಲೆಯಲ್ಲಿ ಪಾಠ, ಬೇವಿನ ಗಿಡದ ಕೆಳಗೆ ಆಟ. ಇವತ್ತು ಈ ವೇದಿಕೆಯ ಮೇಲೆ ನಿಲ್ಲಿಸಿ ಮಾತಾಡು ಅಂದಿದ್ದೀರಿ. ಅದಕ್ಕೆ ನಾನು ಋಣಿ.

ನಾನು ಡಾಕ್ಟರಲ್ಲ. ಆರೋಗ್ಯ ಇಲಾಖೆಯಲ್ಲಿ ಕಿರಿಯ ಆರೋಗ್ಯ ಸಹಾಯಕನಾಗಿ 1984ರಲ್ಲಿ ಸೇರಿ, ಹಿರಿಯ ಆರೋಗ್ಯ ನಿರೀಕ್ಷಕನಾಗಿ ನಿವೃತ್ತನಾದವನು. ಮೂವತ್ತೆಂಟು ವರ್ಷ ಮಾಡಿದ್ದು ಒಂದೇ ಕೆಲಸ. ಸೈಕಲ್ ಮೇಲೆ, ಆಮೇಲೆ ಮೋಟಾರ್ ಸೈಕಲ್ ಮೇಲೆ ಹಳ್ಳಿ ಹಳ್ಳಿ ತಿರುಗಿ ಬಾವಿ ನೋಡುವುದು, ಟ್ಯಾಂಕ್ ನೋಡುವುದು, ಯಾರ ಮನೆಯಲ್ಲಿ ಜ್ವರ, ಯಾರ ಮನೆಯಲ್ಲಿ ವಾಂತಿ ಭೇದಿ ಎಂದು ಕೇಳುವುದು. ಆದ್ದರಿಂದ ದೊಡ್ಡ ದೊಡ್ಡ ಸಿದ್ಧಾಂತ ನನಗೆ ಬರುವುದಿಲ್ಲ. ಒಂದು ರೋಗದ ಕಥೆ ಹೇಳುತ್ತೇನೆ.

ಮೊದಲು ಮಕ್ಕಳಿಗೊಂದು ಪ್ರಶ್ನೆ. ನಾರುಹುಣ್ಣು ಯಾರು ನೋಡಿದ್ದೀರಿ? ಕೈ ಎತ್ತಿ. (ಮಕ್ಕಳಲ್ಲಿ ಯಾರೂ ಕೈ ಎತ್ತಲಿಲ್ಲ.) ಸರಿ. ಈಗ ಐವತ್ತು ದಾಟಿದವರು ಕೈ ಎತ್ತಿ. (ಹಲವು ಕೈಗಳು ಎದ್ದವು.) ಮಕ್ಕಳೇ, ಹಿಂದೆ ತಿರುಗಿ ಆ ಕೈಗಳನ್ನು ನೋಡಿ. ಇವತ್ತು ನಾನು ಹೇಳಬೇಕಾದದ್ದರ ಅರ್ಧ ಅಲ್ಲಿಯೇ ಇದೆ. ಅವರಿಗೆ ಗೊತ್ತಿರುವ ನೋವು ನಿಮಗೆ ಗೊತ್ತಿಲ್ಲ. ಅದು ಹೇಗೆ ಆಯಿತು ಎಂಬುದೇ ನನ್ನ ವಿಷಯ.

ನಾವು ಹತ್ತನೆಯ ತರಗತಿಯಲ್ಲಿದ್ದಾಗ ನನ್ನ ಪಕ್ಕದಲ್ಲಿ ಒಬ್ಬ ಗೆಳೆಯ ಕೂರುತ್ತಿದ್ದ. ಹೆಸರು ಬೇಡ, ಅವನು ಇಲ್ಲೇ ಸಭೆಯಲ್ಲಿದ್ದಾನೆ. ಹೇಳಲು ಅವನ ಒಪ್ಪಿಗೆ ಕೇಳಿಯೇ ಬಂದಿದ್ದೇನೆ. ಲೆಕ್ಕದಲ್ಲಿ ನನಗಿಂತ ಎಷ್ಟೋ ಜಾಣ. ಪರೀಕ್ಷೆಗೆ ಹದಿನೈದು ದಿನ ಇರುವಾಗ ಅವನ ಪಾದದ ಮೇಲೆ ಒಂದು ಬೊಕ್ಕೆ ಎದ್ದಿತು. ಬೆಂಕಿ ಇಟ್ಟ ಹಾಗೆ ಉರಿ. ನಾಲ್ಕು ದಿನದಲ್ಲಿ ಬೊಕ್ಕೆ ಒಡೆದು ಬಿಳಿ ನೂಲಿನಂಥ ಹುಳು ತಲೆ ಹಾಕಿತು. ಅದೇ ನಾರು. ಆ ಕಾಲದ ಪದ್ಧತಿಯಂತೆ ಒಂದು ಸಣ್ಣ ಕಡ್ಡಿಗೆ ಅದರ ತುದಿ ಸುತ್ತಿ, ದಿನಕ್ಕೆ ಒಂದೆರಡು ಬೆರಳಷ್ಟು ಎಳೆದು, ಬಟ್ಟೆ ಕಟ್ಟಿಡುತ್ತಿದ್ದರು. ಹುಳು ಮೊಳ ದಾಟಿ ಎರಡು ಮೊಳದವರೆಗೂ ಇರುತ್ತದೆ. ಅವಸರದಲ್ಲಿ ಎಳೆದರೆ ತುಂಡಾಗುತ್ತದೆ, ತುಂಡಾದರೆ ಒಳಗೆ ಉಳಿದದ್ದು ಕೀವಾಗಿ ಕಾಲೆಲ್ಲ ಬಾಯುತ್ತದೆ. ಅವನದು ತುಂಡಾಯಿತು. ಎರಡು ತಿಂಗಳು ಮಲಗಿದ. ಪರೀಕ್ಷೆಯ ದಿನ ಅವರಪ್ಪ ಎತ್ತಿನ ಗಾಡಿಯಲ್ಲಿ ಕರೆತರುತ್ತೇನೆ ಅಂದರು. ಅವನಿಗೆ ಕೂರಲೂ ಆಗಲಿಲ್ಲ. ನಾವು ಪರೀಕ್ಷೆ ಬರೆದೆವು, ಅವನು ಬರೆಯಲಿಲ್ಲ. ಮುಂದಿನ ವರ್ಷ ಅವರಪ್ಪನಿಗೆ ಅದೇ ನಾರು. ಬಿತ್ತನೆಗೆ ಆಳಿಲ್ಲ ಎಂದು ಇವನು ಹೊಲಕ್ಕೆ ಇಳಿದ. ಶಾಲೆಗೆ ಮತ್ತೆ ಬರಲಿಲ್ಲ.

ನಾರುಹುಣ್ಣಿನಿಂದ ಸಾಯುವವರು ಕಡಿಮೆ. ಆದರೆ ಅದು ಬರುವ ಕಾಲ ನೋಡಿ, ಬೇಸಿಗೆಯ ಕೊನೆ, ಮುಂಗಾರಿನ ಮೊದಲು. ಪರೀಕ್ಷೆ ಆಗಲೇ, ಹರಗುವುದು ಬಿತ್ತುವುದು ಆಗಲೇ. ಮನೆಯಲ್ಲಿ ಇಬ್ಬರು ಮಲಗಿದರೆ ಆ ವರ್ಷದ ಬೆಳೆ ಹೋಯಿತು, ಸಾಲ ಬಂತು.

ಇದು ಬರುವುದು ಹೇಗೆ? ಹಿಂದೆ ದೇವರ ಶಾಪ ಅನ್ನುತ್ತಿದ್ದರು, ಮೈಯ ನರವೇ ಹೊರಗೆ ಬರುತ್ತದೆ ಅನ್ನುತ್ತಿದ್ದರು. ನಿಜ ಸಂಗತಿಯನ್ನು 1870ರಲ್ಲಿಯೇ ಫೆದ್ಚೆಂಕೊ ಎಂಬ ರಷ್ಯಾದ ವಿಜ್ಞಾನಿ ತುರ್ಕಿಸ್ತಾನದಲ್ಲಿ ಕಂಡಿದ್ದ. ನಿಂತ ನೀರಿನಲ್ಲಿ ಸೈಕ್ಲಾಪ್ಸ್ ಎಂಬ ಸಣ್ಣ ಜೀವಿ ಇರುತ್ತದೆ, ಸಾಸಿವೆ ಕಾಳಿಗಿಂತ ಚಿಕ್ಕದು. ನಾರುಹುಳುವಿನ ಮರಿಗಳನ್ನು ಅದು ತಿನ್ನುತ್ತದೆ. ಆ ನೀರನ್ನು ನಾವು ಕುಡಿದರೆ ಹೊಟ್ಟೆಯಲ್ಲಿ ಸೈಕ್ಲಾಪ್ಸ್ ಸಾಯುತ್ತದೆ, ಮರಿಗಳು ಉಳಿಯುತ್ತವೆ. ಒಳಗೇ ಬೆಳೆದು, ಸುಮಾರು ಒಂದು ವರ್ಷ ಬಿಟ್ಟು, ಹೆಣ್ಣು ಹುಳು ಕಾಲಿನ ಕಡೆ ಇಳಿದು ಬೊಕ್ಕೆ ಎಬ್ಬಿಸುತ್ತದೆ. ಆ ಉರಿ ತಾಳಲಾರದೆ ಮನುಷ್ಯ ಏನು ಮಾಡುತ್ತಾನೆ? ತಣ್ಣಗಿನ ನೀರಿನಲ್ಲಿ ಕಾಲಿಡುತ್ತಾನೆ. ಹುಳುವಿಗೂ ಅದೇ ಬೇಕು. ನೀರು ಸೋಕಿದೊಡನೆ ಲಕ್ಷಗಟ್ಟಲೆ ಮರಿಗಳನ್ನು ಬಿಡುತ್ತದೆ. ಅವುಗಳನ್ನು ಮತ್ತೆ ಸೈಕ್ಲಾಪ್ಸ್ ತಿನ್ನುತ್ತದೆ, ಆ ನೀರನ್ನು ಮತ್ತೆ ಊರು ಕುಡಿಯುತ್ತದೆ.

ನಮ್ಮ ಕಡೆಯ ಪಾವಟಿಗೆ ಬಾವಿಗಳು ನಿಮಗೆ ನೆನಪಿರಬೇಕು. ಮೆಟ್ಟಿಲು ಇಳಿದು, ಮೊಣಕಾಲು ಮುಳುಗುವಷ್ಟು ನೀರಿಗೆ ಹೋಗಿ, ಕೊಡ ಮುಳುಗಿಸಿ ತುಂಬುವ ಬಾವಿ. ನೋಡಲು ಚೆಂದ, ಕಲ್ಲಿನ ಕೆಲಸ ಅದ್ಭುತ. ಆದರೆ ಬಾವಿಗೆ ಕಾಲಿಟ್ಟವರಲ್ಲಿ ಒಬ್ಬರಿಗೆ ನಾರು ಇದ್ದರೆ, ಮುಂದಿನ ವರ್ಷ ಇಡೀ ಊರಿಗೆ ಅದರ ಪ್ರಸಾದ.

ಈ ಹುಳುವನ್ನು ಕೊಲ್ಲುವ ಮಾತ್ರೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ತಡೆಯುವ ಲಸಿಕೆಯೂ ಇಲ್ಲ. ಒಂದು ಸಲ ಬಂದವರಿಗೆ ಮತ್ತೆ ಬಾರದು ಎಂಬುದೂ ಇಲ್ಲ. ಅಂದರೆ ಆಸ್ಪತ್ರೆಯ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. ಇದ್ದದ್ದು ಒಂದೇ ದಾರಿ. ಹುಣ್ಣಿನ ಕಾಲು ನೀರಿಗೆ ಇಳಿಯಬಾರದು, ಸೈಕ್ಲಾಪ್ಸ್ ಇರುವ ನೀರು ಹೊಟ್ಟೆಗೆ ಇಳಿಯಬಾರದು.

1983–84ರಲ್ಲಿ ಕೇಂದ್ರ ಸರ್ಕಾರ ನಾರುಹುಣ್ಣು ನಿರ್ಮೂಲನ ಕಾರ್ಯಕ್ರಮ ಶುರುಮಾಡಿತು. ಆಗ ಏಳು ರಾಜ್ಯಗಳ 89 ಜಿಲ್ಲೆಗಳಲ್ಲಿ, ಹನ್ನೆರಡು ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ, ವರ್ಷಕ್ಕೆ ಸುಮಾರು 40,000 ರೋಗಿಗಳು. ಆ ಏಳರಲ್ಲಿ ಕರ್ನಾಟಕವೂ ಒಂದು. ನಾನು ನೌಕರಿಗೆ ಸೇರಿದ್ದು ಅದೇ ಹೊತ್ತಿಗೆ. ಮೊದಲ ಕೆಲಸವೇ ಮನೆ ಮನೆ ತಿರುಗಿ ನಾರು ಇದ್ದವರನ್ನು ಪಟ್ಟಿ ಮಾಡುವುದು, ಹುಣ್ಣಿಗೆ ಬ್ಯಾಂಡೇಜು ಕಟ್ಟುವುದು, ಬಾವಿಗೆ ಇಳಿಯಬೇಡಿ ಎಂದು ಹೇಳುವುದು, ಕುಡಿಯುವ ನೀರು ಸೋಸಲು ಬಟ್ಟೆ ಹಂಚುವುದು, ಸೈಕ್ಲಾಪ್ಸ್ ಸಾಯಲು ಬಾವಿಗೆ ಅಳತೆ ಪ್ರಕಾರ ಟೆಮಿಫಾಸ್ ಎಂಬ ಔಷಧಿ ಹಾಕುವುದು.

ಹೇಳುವುದು ಸುಲಭ, ಕೇಳುವವರು ಬೇಕಲ್ಲ. ಒಂದು ಹಳ್ಳಿಯಲ್ಲಿ ಒಬ್ಬ ಅಜ್ಜಿ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿದಳು: “ತಮ್ಮಾ, ನಮ್ಮಪ್ಪ ಕುಡದಾನ, ನಮ್ಮಜ್ಜ ಕುಡದಾನ ಇದ ನೀರು. ಈಗ ನೀ ಬಂದು ಹುಳ ಐತಿ ಅಂದ್ರ ನಾ ನಂಬಬೇಕೇನು?” ನಾನು ಇಪ್ಪತ್ತೆರಡರ ಹುಡುಗ, ಏನು ಉತ್ತರ ಕೊಡಬೇಕೋ ತಿಳಿಯಲಿಲ್ಲ. ಅವಳ ಹರವಿಯಿಂದಲೇ ಒಂದು ಗಾಜಿನ ಲೋಟದಲ್ಲಿ ನೀರು ತಗೊಂಡೆ. ಅಂಗಳಕ್ಕೆ ಬಂದು ಬಿಸಿಲಿಗೆ ಹಿಡಿದೆ. “ಅಜ್ಜೀ, ನಿನ್ನ ಮೊಮ್ಮಗನ್ನ ಕರಿ, ಅವನ ಕಣ್ಣು ಚುರುಕು” ಅಂದೆ. ಹುಡುಗ ನೋಡಿದ. ಬಿಳಿ ಚುಕ್ಕಿಗಳು ನೀರಿನಲ್ಲಿ ಪುಟಪುಟ ನೆಗೆಯುತ್ತಿದ್ದವು. “ಏ ಅಜ್ಜೀ, ಜೀವ ಐತಿ!” ಅಂತ ಕೂಗಿದ. ಅದೇ ನೀರನ್ನು ಬಟ್ಟೆಯಲ್ಲಿ ಸೋಸಿ ಮತ್ತೆ ಬಿಸಿಲಿಗೆ ಹಿಡಿದೆ. ಚುಕ್ಕಿ ಇಲ್ಲ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹರವಿಯ ನೀರನ್ನೆಲ್ಲ ಗಿಡದ ಬುಡಕ್ಕೆ ಚೆಲ್ಲಿ, “ಆ ಅರಿವಿ ಇನ್ನೊಂದು ಕೊಡು, ಸೊಸಿ ತವರಿಗೂ ಕಳಸ್ತೀನಿ” ಅಂದಳು. ಆ ದಿನದಿಂದ ನಾನು ಭಾಷಣ ಬಿಟ್ಟೆ, ಚೀಲದಲ್ಲಿ ಗಾಜಿನ ಲೋಟ ಇಟ್ಟುಕೊಂಡೆ. ಮೇಷ್ಟ್ರುಗಳಿಗೆ ಇದು ಹೊಸದಲ್ಲ. ತೋರಿಸಿದ್ದು ಉಳಿಯುತ್ತದೆ.

ಬಟ್ಟೆ ತಾತ್ಕಾಲಿಕ. ಶಾಶ್ವತ ಕೆಲಸ ಎರಡು. ಪಾವಟಿಗೆ ಬಾವಿಯ ಮೆಟ್ಟಿಲು ಮುಚ್ಚಿ, ಸುತ್ತ ಕಟ್ಟೆ ಕಟ್ಟಿ, ಗಾಲಿ ಹಾಕಿ ಸೇದುವ ಬಾವಿ ಮಾಡುವುದು ಒಂದು. ಕೊಳವೆಬಾವಿ ಕೊರೆಸಿ ಕೈಪಂಪು, ಅಂದರೆ ನಮ್ಮ ಜನ ಹೇಳುವ ಬೋರಿಂಗ್, ಹಾಕುವುದು ಇನ್ನೊಂದು. ಸೇದುವ ಬಾವಿಗೆ ಕಾಲು ಇಳಿಯುವುದಿಲ್ಲ, ಬೋರಿಂಗಿನ ನೀರಿನಲ್ಲಿ ಸೈಕ್ಲಾಪ್ಸ್ ಇರುವುದಿಲ್ಲ. ಮೊದಲ ವರ್ಷ ಜನ ನಮ್ಮನ್ನು ಬೈದರು. ಬೋರಿಂಗ್ ಹಾಕಿ ಆರು ತಿಂಗಳಾದರೂ ನಾರು ಬರುತ್ತಿದೆ, ನಿಮ್ಮ ಮಾತು ಸುಳ್ಳು ಅಂದರು. ಹೋದ ವರ್ಷ ಕುಡಿದ ನೀರಿನ ಹುಳು ಈ ವರ್ಷ ಹೊರಗೆ ಬರುವುದು ಎಂದು ತಿಳಿಸಿ ಹೇಳಲು ತಾಳ್ಮೆ ಬೇಕಿತ್ತು. ನೀರಿನ ಕೆಲಸದ ಫಲ ಮರುದಿನ ಕಾಣುವುದಿಲ್ಲ. ಸೂಜಿ ಮಾಡಿಸಿಕೊಂಡರೆ ಸಂಜೆಗೆ ಜ್ವರ ಇಳಿಯುತ್ತದೆ, ಆದ್ದರಿಂದ ಜನಕ್ಕೆ ಸೂಜಿಯ ಮೇಲೆ ನಂಬಿಕೆ ಹೆಚ್ಚು.

ಇನ್ನೊಂದು ಹಳ್ಳಿಯ ವಿಷಯ ಹೇಳದಿದ್ದರೆ ನನ್ನ ಮಾತು ಪೂರ್ತಿಯಾಗುವುದಿಲ್ಲ. ಹೇಳಲು ಸಂಕೋಚ, ಆದರೆ ಇದು ಶಾಲೆಯ ವೇದಿಕೆ, ಇಲ್ಲಿ ಹೇಳದೆ ಇನ್ನೆಲ್ಲಿ ಹೇಳಲಿ? ಆ ಊರಿನಲ್ಲಿ ಬೋರಿಂಗ್ ಹಾಕಿ ಎರಡು ವರ್ಷವಾಗಿತ್ತು. ಆದರೂ ಪಟ್ಟಿಯಲ್ಲಿ ನಾರು ಕಡಿಮೆಯಾಗಲಿಲ್ಲ. ನಾನು ಒಂದು ದಿನ ಬೆಳಗಿನ ಜಾವ ಹೋಗಿ ಬೋರಿಂಗ್ ಹತ್ತಿರ ಕೂತೆ. ಅದು ಇದ್ದದ್ದು ಊರ ನಡುವೆ, ಗೌಡರ ಓಣಿಯ ಮುಂದೆ. ಊರ ಹೊರಗಿನ ಕೇರಿಯ ಹೆಣ್ಣುಮಕ್ಕಳು ಕೊಡ ತಂದು ದೂರ ನಿಲ್ಲುತ್ತಿದ್ದರು. ಎಲ್ಲರದೂ ಆದ ಮೇಲೆ ಅವರದು. ಕೂಲಿಗೆ ಹೋಗುವ ಹೊತ್ತು ಮೀರುತ್ತಿತ್ತು. ಕಾದು ಕಾದು ಅವರು ಹಳೆಯ ಬಾವಿಗೇ ಹೋಗುತ್ತಿದ್ದರು. ಕೇರಿಯಲ್ಲಿ ನಾರು ಉಳಿಯಿತು. ಹೊಲದ ಹಾದಿಯಲ್ಲಿದ್ದ ಅದೇ ಬಾವಿಯ ನೀರನ್ನು ಬಿಸಿಲಿಗೆ ದಣಿದ ಎಲ್ಲ ಓಣಿಯವರೂ ಕುಡಿಯುತ್ತಿದ್ದರು. ಗೌಡರ ಮನೆಯ ಆಳಿಗೂ ನಾರು, ಗೌಡರ ಮಗನಿಗೂ ನಾರು.

ನಾನು ಇದನ್ನು ಕೂಡಿಸಿ ಬರೆದು ಮೇಲಿನವರಿಗೆ ಕೊಟ್ಟೆ. ಕೇರಿಯಲ್ಲಿಯೇ ಇನ್ನೊಂದು ಬೋರಿಂಗ್ ಆಯಿತು, ಹಳೆಯ ಬಾವಿಯ ಮೆಟ್ಟಿಲು ಮುಚ್ಚಿದರು. ಅದಾಗಿ ಒಂದೂವರೆ ವರ್ಷಕ್ಕೆ ಆ ಊರಿನ ಹೆಸರು ನನ್ನ ಪಟ್ಟಿಯಿಂದ ಹೋಯಿತು. ಕೇರಿಯ ಹೆಣ್ಣುಮಗಳಿಗೆ ಒಳ್ಳೆಯ ನೀರು ಕೊಟ್ಟಿದ್ದರಿಂದ ಗೌಡರ ಮಗನ ಕಾಲು ಉಳಿಯಿತು. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂಬ ಲೆಕ್ಕ ನೀರಿನಲ್ಲಿ ನಡೆಯುವುದಿಲ್ಲ. ಇದನ್ನು ನಾನು ಓದಿ ತಿಳಿದದ್ದಲ್ಲ, ಪಟ್ಟಿಯ ಮೇಲೆ ಕಂಡದ್ದು.

ಹೀಗೆ ಒಂದೊಂದೇ ಊರು. ಕೊನೆಯ ವರ್ಷಗಳಲ್ಲಿ ನಾರು ಇದ್ದವರ ಸುದ್ದಿ ಕೊಟ್ಟರೆ ಬಹುಮಾನ ಎಂದು ಗೋಡೆಯ ಮೇಲೆ ಬರೆಸಿದೆವು. ದೇಶದ ಕೊನೆಯ ರೋಗಿ ಕಂಡದ್ದು 1996ರ ಜುಲೈಯಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. ಮತ್ತೆ ಮೂರು ವರ್ಷ ಹುಡುಕಿ, ಇಲ್ಲವೆಂದು ಖಾತ್ರಿಯಾದ ಮೇಲೆ, 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತ ಎಂದು ಘೋಷಿಸಿತು. ಪತ್ರಿಕೆಯಲ್ಲಿ ಸಣ್ಣ ಸುದ್ದಿ. ನಾನು ಅದನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ.

ಇದು ನಮ್ಮ ದೇಶದ ಮಾತು ಮಾತ್ರ ಅಲ್ಲ. 1986ರಲ್ಲಿ ಏಷ್ಯಾ, ಆಫ್ರಿಕಾದ ಸುಮಾರು ಇಪ್ಪತ್ತು ದೇಶಗಳಲ್ಲಿ ಅಂದಾಜು 35 ಲಕ್ಷ ಜನರಿಗೆ ಈ ರೋಗವಿತ್ತು. 2024ರಲ್ಲಿ ಇಡೀ ಜಗತ್ತಿನಲ್ಲಿ ಕಂಡದ್ದು 15 ಜನರಲ್ಲಿ. ಒಂಬತ್ತು ಜನ ಚಾಡ್ ದೇಶದವರು, ಆರು ಜನ ದಕ್ಷಿಣ ಸುಡಾನಿನವರು. ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಅಧಿಕಾರ ಬಿಟ್ಟ ಮೇಲೆ ಈ ಕೆಲಸಕ್ಕೆ ನಿಂತರು. ನನಗಿಂತ ಮೊದಲು ಕೊನೆಯ ನಾರುಹುಳು ಸಾಯಬೇಕು ಎಂಬುದು ಅವರ ಆಸೆಯಾಗಿತ್ತು. ಅವರು 2024ರ ಡಿಸೆಂಬರ್‌ನಲ್ಲಿ, ನೂರು ತುಂಬಿದ ಮೇಲೆ ತೀರಿಕೊಂಡರು. ಹುಳು ಇನ್ನೂ ಸ್ವಲ್ಪ ಉಳಿದಿದೆ. ಚಾಡ್‌ನಲ್ಲಿ ಅದು ನಾಯಿಗಳಿಗೂ ಹತ್ತಿರುವುದರಿಂದ ಕೆಲಸ ನಿಧಾನ. ಆದರೂ 35 ಲಕ್ಷದಿಂದ 15! ಮಾತ್ರೆ ಇಲ್ಲದೆ, ಲಸಿಕೆ ಇಲ್ಲದೆ, ಬರೀ ನೀರನ್ನು ಸರಿಮಾಡಿ.

ಈಗ ನೀವು ಕೇಳಬಹುದು, ನಾರು ಹೋಯಿತಲ್ಲ, ಇನ್ನು ಭಾಷಣ ಯಾಕೆ? ಹೇಳುತ್ತೇನೆ. ನಾರುಹುಳು ಕಣ್ಣಿಗೆ ಕಾಣುವ ಶತ್ರು. ಲೋಟದಲ್ಲಿ ತೋರಿಸಬಹುದು, ಬಟ್ಟೆಯಲ್ಲಿ ಸೋಸಬಹುದು. ಕಾಲರಾ, ಟೈಫಾಯ್ಡ್, ಕಾಮಾಲೆ, ಮಕ್ಕಳ ಭೇದಿ, ಇವುಗಳ ರೋಗಾಣು ಕಾಣುವುದಿಲ್ಲ. ಲೋಟದ ನೀರು ತಿಳಿಯಾಗಿಯೇ ಇರುತ್ತದೆ. ಬಾಂಗ್ಲಾದೇಶದ ಮತ್ಲಬ್ ಎಂಬಲ್ಲಿ ಹೆಣ್ಣುಮಕ್ಕಳು ಹಳೆಯ ಸೀರೆಯನ್ನು ಹಲವು ಮಡಿಕೆ ಮಾಡಿ ಕೆರೆಯ ನೀರು ಸೋಸಿದಾಗ ಕಾಲರಾ ಸುಮಾರು ಅರ್ಧಕ್ಕೆ ಇಳಿಯಿತು. ಯಾಕೆಂದರೆ ಕಾಲರಾ ರೋಗಾಣು ಸೈಕ್ಲಾಪ್ಸಿನ ಬಳಗದ ಜೀವಿಗಳ ಮೈಗೆ ಅಂಟಿಕೊಂಡಿರುತ್ತದೆ. ಆ ವರದಿ ಬಂದದ್ದು 2003ರಲ್ಲಿ. ಓದಿದಾಗ ನನಗೆ ನಮ್ಮ ಅಜ್ಜಿಯ ಅರಿವಿ ನೆನಪಾಯಿತು. ಆದರೆ ಅರ್ಧ ಉಳಿಯಿತಲ್ಲ. ಬಟ್ಟೆಯ ಶಕ್ತಿ ಅಷ್ಟೇ.

ಈ ರೋಗಗಳೆಲ್ಲ ಬರುವುದು ಒಂದೇ ದಾರಿಯಲ್ಲಿ. ಒಬ್ಬರ ಮಲ ಇನ್ನೊಬ್ಬರ ಬಾಯಿಗೆ ಹೋಗುವುದರಿಂದ. ಕೇಳಲು ಹೇಸಿಗೆ, ಆದರೆ ಮುಚ್ಚಿಟ್ಟು ಹೇಳಿದರೆ ಅರ್ಥವಾಗುವುದಿಲ್ಲ. ಬಯಲಿನಲ್ಲಿ ಕೂತದ್ದು ಮಳೆ ನೀರಿನಲ್ಲಿ ಹರಿದು ಬಾವಿಗೆ ಬರುತ್ತದೆ. ನೊಣದ ಕಾಲಿನಲ್ಲಿ ಊಟದ ಗಂಗಾಳಕ್ಕೆ ಬರುತ್ತದೆ. ತೊಳೆಯದ ಕೈಯಲ್ಲಿ ರೊಟ್ಟಿಗೆ ಬರುತ್ತದೆ. ಬರಿಗಾಲಲ್ಲಿ ಆಡುವ ಮಗುವಿನ ಪಾದದ ಚರ್ಮದ ಮೂಲಕ ಕೊಕ್ಕೆಹುಳು ಒಳಗೆ ಹೋಗಿ ರಕ್ತ ಹೀರುತ್ತದೆ. ಪೋಲಿಯೊ ಕೂಡ ಹರಡುತ್ತಿದ್ದದ್ದು ಹೆಚ್ಚಾಗಿ ಇದೇ ದಾರಿಯಲ್ಲಿ. ಇಂದಿಗೂ ಜಗತ್ತಿನಲ್ಲಿ ಪ್ರತಿವರ್ಷ ಐದು ವರ್ಷದೊಳಗಿನ ನಾಲ್ಕು ಲಕ್ಷಕ್ಕೂ ಹೆಚ್ಚು ಮಕ್ಕಳು ಭೇದಿಯಿಂದ ಸಾಯುತ್ತಿದ್ದಾರೆ. ಹೆಚ್ಚಿನವರು ನಮ್ಮಂಥ, ನಮಗಿಂತ ಬಡ ದೇಶಗಳವರು. ಬದುಕಿದ ಮಕ್ಕಳಿಗೂ ಮೇಲಿಂದ ಮೇಲೆ ಭೇದಿಯಾದರೆ ತಿಂದದ್ದು ಮೈಗೆ ಹತ್ತುವುದಿಲ್ಲ, ಎತ್ತರ ಬೆಳೆಯುವುದಿಲ್ಲ.

ಭೇದಿಗೆ ನಮ್ಮ ಹತ್ತಿರ ಒಳ್ಳೆಯ ಉಪಾಯ ಇದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾದಿಂದ ಸಾಯುತ್ತಿದ್ದಾಗ, ಹಾಕಲು ಸಲೈನ್ ಮುಗಿದುಹೋಗಿತ್ತು. ಡಾ. ದಿಲೀಪ್ ಮಹಲನಬಿಸ್ ಉಪ್ಪು, ಸಕ್ಕರೆಯಂಥ ಗ್ಲೂಕೋಸ್, ಅಡುಗೆ ಸೋಡಾ ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿ ಕುಡಿಸಿದರು. ನೂರಕ್ಕೆ ಮೂವತ್ತರಷ್ಟು ಇದ್ದ ಸಾವು ನಾಲ್ಕಕ್ಕಿಂತ ಕೆಳಗೆ ಇಳಿಯಿತು. ಅದೇ ಇಂದಿನ ಓಆರ್‌ಎಸ್ ಪುಡಿ. ಪ್ರತಿ ಮನೆಯಲ್ಲೂ ಇಟ್ಟುಕೊಳ್ಳಿ. ಆದರೆ ಓಆರ್‌ಎಸ್ ಉಳಿಸಿದ ಮಗು ಮುಂದಿನ ತಿಂಗಳು ಅದೇ ನೀರು ಕುಡಿದರೆ ಮತ್ತೆ ಅದೇ ಹಾಸಿಗೆ.

ಹಾಗಾದರೆ ನೀರು ಒಂದೇ ಸಾಲದು, ಸಂಡಾಸವೂ ಬೇಕು. ಸರ್ಕಾರದ ಸಹಾಯಧನದಲ್ಲಿ ನಮ್ಮಲ್ಲಿ ಮನೆಮನೆಗೂ ಕಟ್ಟಿದ್ದಾರೆ. ಕಟ್ಟಿದ್ದು ನಿಜ. ಕೆಲವರ ಮನೆಯಲ್ಲಿ ಅದರೊಳಗೆ ಕಟ್ಟಿಗೆ, ಕುಳ್ಳು ಇರುವುದೂ ನಿಜ. ನಗಬೇಡಿ, ಅದಕ್ಕೆ ಕಾರಣ ಇದೆ. ಗುಂಡಿ ಬೇಗ ತುಂಬಿಬಿಡುತ್ತದೆ, ತುಂಬಿದರೆ ಯಾರು ತೆಗೆಯಬೇಕು ಎಂಬ ಹೆದರಿಕೆ. ಅದಕ್ಕೇ ಎರಡು ಗುಂಡಿಯ ಪದ್ಧತಿ ಇರುವುದು. ಒಂದು ಗುಂಡಿಯನ್ನು ಕೆಲವು ವರ್ಷ ಬಳಸಿ, ತುಂಬಿದ ಮೇಲೆ ನಡುವಿನ ತೊಟ್ಟಿಯಲ್ಲಿ ದಾರಿ ತಿರುಗಿಸಿ ಇನ್ನೊಂದಕ್ಕೆ ಬಿಡಬೇಕು. ಮುಚ್ಚಿದ ಗುಂಡಿ ಎರಡು ವರ್ಷ ಸುಮ್ಮನಿದ್ದರೆ ಒಳಗಿನದು ವಾಸನೆಯಿಲ್ಲದ ಒಣ ಗೊಬ್ಬರ. ಯಾರೂ ಕೈಯಿಂದ ಹಸಿ ಮಲ ಎತ್ತಬೇಕಾಗಿಲ್ಲ, ಎತ್ತಿಸುವುದು ಕಾನೂನಿನ ಪ್ರಕಾರ ಅಪರಾಧವೂ ಹೌದು. ಒಂದೇ ಮಾತು ನೆನಪಿಡಿ. ಗುಂಡಿ ಕುಡಿಯುವ ನೀರಿನ ಬಾವಿ, ಬೋರಿಂಗ್‌ಗಳಿಂದ ಕನಿಷ್ಠ ಹತ್ತು ಮೀಟರ್ ದೂರ ಇರಲಿ.

ನೀರಿನ ಬಗ್ಗೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ನಾರುಹುಣ್ಣಿನ ಕಾಲದಲ್ಲಿ ಬೋರಿಂಗ್ ನೀರು ಅಂದರೆ ಅಮೃತ ಎಂದು ಹೇಳಿದವರು ನಾವೇ. ಆಳಕ್ಕೆ ಹೋದಂತೆ ಅದೇ ನೀರಿನಲ್ಲಿ ನಮ್ಮ ರಾಜ್ಯದ ಅನೇಕ ತಾಲೂಕುಗಳಲ್ಲಿ ಫ್ಲೋರೈಡ್ ಸಿಕ್ಕಿತು. ಮಕ್ಕಳ ಹಲ್ಲು ಕಂದು ಬಣ್ಣ, ದೊಡ್ಡವರ ಕೀಲು ಬಿಗಿತ, ಬೆನ್ನು ಬಾಗುವುದು. ಬಾಂಗ್ಲಾದೇಶದಲ್ಲಿ ಕಾಲರಾ ತಪ್ಪಿಸಲು ಹಾಕಿದ ಲಕ್ಷಾಂತರ ಕೊಳವೆಬಾವಿಗಳಲ್ಲಿ ಆರ್ಸೆನಿಕ್ ಎಂಬ ವಿಷ ಬಂತು. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಒಂದು ಲೀಟರಿನಲ್ಲಿ ಒಂದು ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ ಒಂದೂವರೆ ಮಿಲಿಗ್ರಾಂವರೆಗೆ ಎಂದು ನಮ್ಮ ದೇಶದ ಮಾನಕ ಹೇಳುತ್ತದೆ. ಆದ್ದರಿಂದ ನೀರು ಬಂತು ಎಂದರೆ ಮುಗಿಯಲಿಲ್ಲ, ಪರೀಕ್ಷೆ ಆಗಬೇಕು. ಪಂಚಾಯಿತಿಯಲ್ಲಿ ಪರೀಕ್ಷೆಯ ಕಿಟ್ ಇರುತ್ತದೆ. ನಮ್ಮ ನೀರಿನ ವರದಿ ಏನಾಗಿದೆ ಎಂದು ಗ್ರಾಮಸಭೆಯಲ್ಲಿ ಎದ್ದು ಕೇಳಿ.

2019ರಿಂದ ಜಲಜೀವನ ಮಿಷನ್ ಬಂದಿದೆ, ನಮ್ಮ ರಾಜ್ಯದಲ್ಲಿ ಅದಕ್ಕೆ ‘ಮನೆ ಮನೆಗೆ ಗಂಗೆ’ ಎಂದು ಹೆಸರು. ತಲೆಗೆ ದಿನಕ್ಕೆ 55 ಲೀಟರ್ ನೀರು ನಲ್ಲಿಯಲ್ಲಿ ಕೊಡಬೇಕೆಂಬುದು ಗುರಿ. ಕೊಡ ಹೊತ್ತ ಹೆಣ್ಣುಮಕ್ಕಳಿಗೆ ಇದು ಎಂಥ ವರ ಎಂದು ನಾನು ಹೇಳಬೇಕಾಗಿಲ್ಲ. ಆದರೆ ನಲ್ಲಿ ಪೈಪು ಚರಂಡಿಯೊಳಗೆ ಹಾದಿದ್ದರೆ ಏನಾಗುತ್ತದೆ? ನೀರು ಬಿಟ್ಟಾಗ ಒಡಕಿನಿಂದ ಹೊರಗೆ ಚಿಮ್ಮುತ್ತದೆ. ನಿಂತಾಗ ಪೈಪಿನೊಳಗೆ ಒತ್ತಡ ಇಲ್ಲವಾಗಿ ಚರಂಡಿಯ ನೀರು ಅದೇ ಒಡಕಿನಿಂದ ಒಳಗೆ ಹೋಗುತ್ತದೆ. ಮರುದಿನ ಮೊದಲ ಕೊಡ ತುಂಬಿದವರ ಮನೆಗೆ ಅದು ಸೇರುತ್ತದೆ. ನಾನು ಕಂಡ ವಾಂತಿ ಭೇದಿಯ ಹಾವಳಿಗಳಲ್ಲಿ ಹೆಚ್ಚಿನವಕ್ಕೆ ಕಾರಣ ಇಂಥ ಒಂದು ಒಡಕು, ಇಲ್ಲವೇ ತೊಳೆಯದ ಟ್ಯಾಂಕ್. ನಮ್ಮ ವಾಟರ್‌ಮನ್ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಅಳತೆಯಿಂದ ಹಾಕಿದರೆ ಒಂದು ಆಸ್ಪತ್ರೆಯ ಕೆಲಸ ಮಾಡಿದ ಹಾಗೆ. ಸಣ್ಣ ಸಂಬಳದ ಅವನ ಕೈಯಲ್ಲಿ ಊರಿನ ಮಕ್ಕಳ ಜೀವ ಇದೆ. ಅವನನ್ನು ಗೌರವದಿಂದ ನಡೆಸಿಕೊಳ್ಳಿ, ತಪ್ಪಿದರೆ ಕೇಳಿ.

ಕೊನೆಯದಾಗಿ ನಮ್ಮ ಶಾಲೆಯ ಮಾತು. ಮೊದಲು ಹೇಳಿದ ನನ್ನ ಗೆಳೆಯನ ಮೊಮ್ಮಗಳು ಈಗ ಇದೇ ಶಾಲೆಯಲ್ಲಿ ಒಂಬತ್ತನೆಯ ತರಗತಿ. ಅಜ್ಜನ ಹಾಗೆಯೇ ಲೆಕ್ಕದಲ್ಲಿ ಜಾಣೆ. ಹೋದ ವಾರ ಅವರ ಮನೆಗೆ ಹೋಗಿದ್ದೆ. ಶಾಲೆಯಿಂದ ಬಂದವಳೇ ಎರಡು ತಂಬಿಗೆ ನೀರು ಒಂದೇ ಉಸಿರಿಗೆ ಕುಡಿದಳು. “ಯಾಕವ್ವಾ, ಸಾಲಿಯಾಗ ನೀರಿಲ್ಲೇನು?” ಅಂದೆ. “ಐತಿ ಅಜ್ಜಾ, ನಾವ ಕುಡಿಯಂಗಿಲ್ಲ” ಅಂದಳು. ನೀರು ಕುಡಿದರೆ ಶೌಚಾಲಯಕ್ಕೆ ಹೋಗಬೇಕು, ಶೌಚಾಲಯದಲ್ಲಿ ನೀರಿಲ್ಲ, ಒಂದರ ಬಾಗಿಲಿಗೆ ಚಿಲಕ ಇಲ್ಲ. ಹುಡುಗಿಯರು ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಬಾಯಾರಿ ಕೂರುತ್ತಾರೆ. ತಿಂಗಳ ಆ ಮೂರು ನಾಲ್ಕು ದಿನ ಶಾಲೆಗೇ ಬರುವುದಿಲ್ಲ. ಹೀಗೆ ನೀರು ಕುಡಿಯದೆ, ಮೂತ್ರ ತಡೆದು ಕೂತರೆ ಸೋಂಕು ಬರುತ್ತದೆ. ನಾನು ಯಾರನ್ನೂ ದೂರುತ್ತಿಲ್ಲ. ಮೇಷ್ಟ್ರುಗಳು ಅರ್ಜಿ ಬರೆದು ಬರೆದು ದಣಿದಿದ್ದಾರೆ ಎಂದು ಗೊತ್ತು. ಆದರೆ ಅಜ್ಜ ಕೆಟ್ಟ ನೀರಿನಿಂದ ಪರೀಕ್ಷೆ ತಪ್ಪಿಸಿಕೊಂಡ ಶಾಲೆಯಲ್ಲಿ, ಮೊಮ್ಮಗಳು ನೀರಿಲ್ಲದ ಶೌಚಾಲಯದಿಂದ ಪಾಠ ತಪ್ಪಿಸಿಕೊಳ್ಳಬಾರದು.

ಹಳೆಯ ವಿದ್ಯಾರ್ಥಿಗಳ ಸಂಘದವರು ಸುವರ್ಣ ಮಹೋತ್ಸವದ ನೆನಪಿಗೆ ಹಣ ಕೂಡಿಸಿದ್ದಾರೆ. ಊರ ಬಾಗಿಲಲ್ಲಿ ಒಂದು ಸ್ವಾಗತ ಕಮಾನು ಕಟ್ಟಬೇಕೆಂಬ ವಿಚಾರ ಇದೆ. ನಾನೂ ಸಂಘದ ಸದಸ್ಯ, ನನ್ನ ವಂತಿಗೆಯೂ ಅದರಲ್ಲಿ ಇದೆ. ಆ ಹಕ್ಕಿನಿಂದ ಒಂದು ಮಾತು ಕೇಳುತ್ತೇನೆ. ಕಮಾನು ಬೇಡ ಅನ್ನುವುದಿಲ್ಲ, ಮೊದಲು ಇದು ಆಗಲಿ. ಹುಡುಗಿಯರ ಶೌಚಾಲಯದ ಮೇಲೆ ಒಂದು ಟ್ಯಾಂಕ್, ಅದಕ್ಕೆ ಪೈಪು, ಪ್ರತಿ ಬಾಗಿಲಿಗೆ ಚಿಲಕ. ಅಕ್ಷರ ದಾಸೋಹದ ಅಡುಗೆಮನೆ ಪಕ್ಕದಲ್ಲಿ ಉದ್ದಕ್ಕೆ ಹತ್ತು ನಲ್ಲಿ, ಅಲ್ಲಿ ಸಾಬೂನು. ಊಟದ ಮುಂಚೆ, ಶೌಚದ ನಂತರ ಸಾಬೂನಿನಿಂದ ಕೈ ತೊಳೆದರೆ ಭೇದಿ ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ ಎಂದು ಅನೇಕ ದೇಶಗಳ ಪರೀಕ್ಷೆಗಳು ಹೇಳಿವೆ. ಒಂದು ಸಾಬೂನಿಗೆ ಎಷ್ಟು ರೂಪಾಯಿ? ಉಳಿದ ಹಣವನ್ನು ಬ್ಯಾಂಕಿನಲ್ಲಿಟ್ಟು, ಬಡ್ಡಿಯಲ್ಲಿ ಶೌಚಾಲಯ ತೊಳೆಯುವವರಿಗೆ ಸಂಬಳ, ನಲ್ಲಿ ಕೆಟ್ಟರೆ ರಿಪೇರಿ. ಕಟ್ಟುವುದಕ್ಕಿಂತ ನಡೆಸುವುದು ಕಷ್ಟ, ಆದ್ದರಿಂದ ಈ ಕೊನೆಯ ಮಾತನ್ನು ದಯವಿಟ್ಟು ಬಿಡಬೇಡಿ. ಮಕ್ಕಳಿಗೆ ಕೊಡುವ ಜಂತುಹುಳುವಿನ ಮಾತ್ರೆಯನ್ನು ತಪ್ಪದೆ ನುಂಗಿಸಿ. ಆದರೆ ಬಯಲು ಹೊಲಸಾಗಿಯೇ ಇದ್ದರೆ ಮಾತ್ರೆಗೆ ಸತ್ತ ಹುಳು ಮತ್ತೆ ಬರುತ್ತದೆ ಎಂಬುದನ್ನೂ ನೆನಪಿಡಿ.

ಮಕ್ಕಳೇ, ನಿಮಗೂ ಒಂದು ಕೆಲಸ. ವಿಜ್ಞಾನದ ಮೇಷ್ಟ್ರ ಜೊತೆ ಸೇರಿ ತಿಂಗಳಿಗೊಮ್ಮೆ ಊರಿನ ಎಲ್ಲ ಓಣಿಗಳ ನಲ್ಲಿ ನೀರು ಪರೀಕ್ಷೆ ಮಾಡಿ. ಪರೀಕ್ಷೆಯ ಸಣ್ಣ ಬಾಟಲಿಯಲ್ಲಿ ನೀರು ತುಂಬಿ ಒಂದೆರಡು ದಿನ ಇಟ್ಟರೆ, ಹೊಲಸು ಸೇರಿದ ನೀರು ಕಪ್ಪಾಗುತ್ತದೆ. ಕಣ್ಣಿಗೆ ಕಾಣದ್ದನ್ನು ಅದು ತೋರಿಸುತ್ತದೆ. ಕೊನೆಯ ಓಣಿ, ಕೊನೆಯ ಮನೆ ಬಿಡಬೇಡಿ. ಫಲಿತಾಂಶವನ್ನು ಶಾಲೆಯ ಫಲಕದ ಮೇಲೆ ಬರೆಯಿರಿ. ನಾನು ನಿವೃತ್ತ, ಕೈಯಲ್ಲಿ ಸಮಯ ಇದೆ. ಕರೆದರೆ ಬರುತ್ತೇನೆ. ನನ್ನ ಗಾಜಿನ ಲೋಟವನ್ನೂ ತರುತ್ತೇನೆ.